ರಾಜರ ಹೆಸರು ಆಮೇಲೆ, ಮೊದಲು ಮಳೆಯ ನಕ್ಷೆ

ಹೈಸ್ಕೂಲ್ ಮಕ್ಕಳಿಗೆ ಪಶ್ಚಿಮ ಆಫ್ರಿಕಾದ ಹಳೆಯ ಇತಿಹಾಸ ಹೇಳಿಕೊಡುವಾಗ ನಾನು ಘಾನಾ, ಮಾಲಿ, ಸೊಂಘಾಯ್ ಸಾಮ್ರಾಜ್ಯಗಳು ಅಂತ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಖಾಲಿ ನಕ್ಷೆ ಬರೆದು ಅಡ್ಡಡ್ಡ ಪಟ್ಟೆ ಎಳೆಯುತ್ತೇನೆ. ಮೇಲೆ ಸಹಾರಾ, ಕೆಳಗೆ ಕುರುಚಲು ಹುಲ್ಲಿನ ಸಾಹೆಲ್, ಆಮೇಲೆ ಸವನ್ನಾ, ಕಡಲ ಕಡೆ ದಟ್ಟ ಕಾಡು. ದಕ್ಷಿಣಕ್ಕೆ ಹೋದಷ್ಟೂ ಮಳೆ ಜಾಸ್ತಿ. ಎಲ್ಲೆಲ್ಲಿ ಏನು ಸಿಗುತ್ತದೆ ಅಂತ ಮಕ್ಕಳೇ ತುಂಬಬೇಕು. ಮರುಭೂಮಿಯಲ್ಲಿ ಉಪ್ಪು, ಸಾಹೆಲಿನಲ್ಲಿ ದನಕರು ಮತ್ತು ಸಜ್ಜೆ, ಕಾಡಿನಲ್ಲಿ ಜನ ಜಗಿಯುವ ಕೋಲಾ ಬೀಜ. (ನಾವು ರೊಟ್ಟಿ ತಟ್ಟುವ ಸಜ್ಜೆಯ ಮೂಲವೂ ಆ ನೆಲವೇ.) ಬಂಗಾರ ಬಂಬುಕ್ ಮತ್ತು ಬುರೆಯಲ್ಲಿ, ಸೆನೆಗಲ್, ನೈಜರ್ ನದಿಗಳ ಮೇಲ್ದಂಡೆಯ ಸೀಮೆಯಲ್ಲಿ.

ಆಮೇಲೆ ನೈಜರ್ ನದಿ. ಅಟ್ಲಾಂಟಿಕ್‌ನಿಂದ ಸುಮಾರು 240 ಕಿ.ಮೀ. ದೂರದಲ್ಲಿ ಗಿನಿಯ ಬೆಟ್ಟದಲ್ಲಿ ಹುಟ್ಟಿ, ಕಡಲಿಗೆ ಬೆನ್ನು ಹಾಕಿ ಮರುಭೂಮಿಯತ್ತ ಹೊರಡುತ್ತದೆ. ಟಿಂಬಕ್ಟು ಪಟ್ಟಣ ದಾಟಿದ ಮೇಲೆ ದಕ್ಷಿಣಕ್ಕೆ ಬಾಗುತ್ತದೆ. ದಾರಿಯಲ್ಲಿ, ಇಂದಿನ ಮಾಲಿಯಲ್ಲಿ, ವರ್ಷವರ್ಷವೂ ದೊಡ್ಡ ಬಯಲನ್ನೇ ಮುಳುಗಿಸುತ್ತದೆ.

ಈಗ ಕೇಳುತ್ತೇನೆ: "ಊರು ಎಲ್ಲಿ ಕಟ್ತೀರಿ?" ಬಹಳ ಮಕ್ಕಳು ಬಂಗಾರದ ಪಕ್ಕದಲ್ಲೇ ಬೆರಳಿಡುತ್ತಾರೆ. ಆಗ ಅದೇ ನೆರೆ ಬಯಲಿನ ಜೆನ್ನೆ-ಜೆನೋ ತೋರಿಸುತ್ತೇನೆ. ಕ್ರಿ.ಪೂ. 250ರ ಸುಮಾರಿಗೆ ಜನ ಬಂದು ನೆಲೆಸಿದ ಊರದು. ಅಲ್ಲಿ ಬಂಗಾರವಿಲ್ಲ, ಕಬ್ಬಿಣದ ಅದಿರಿಲ್ಲ. ಬೀಸುವ ಕಲ್ಲನ್ನೂ ಹೊರಗಿನಿಂದಲೇ ತರಬೇಕು. ಇದ್ದದ್ದು ನೆರೆ ನೀರು, ಮೀನು, ಆಫ್ರಿಕಾದ್ದೇ ತಳಿಯ ಭತ್ತ, ಮತ್ತು ದೋಣಿ ಹೋಗುವ ನದಿ. ಹೊಟ್ಟೆಗೆ ಮಿಕ್ಕ ಅಕ್ಕಿ, ಮೀನು ಇದ್ದರೆ ಉಳಿದದ್ದನ್ನು ಕೊಳ್ಳಬಹುದು, ಅಲ್ವಾ? ಅರಬ್ ವ್ಯಾಪಾರಿಗಳು ಬಂದಮೇಲೇ ಇಲ್ಲಿ ಪಟ್ಟಣಗಳು ಹುಟ್ಟಿದವು ಎಂದು ಹಿಂದೆ ನಂಬಿದ್ದರು. 1977ರಲ್ಲಿ ರೊಡರಿಕ್ ಮತ್ತು ಸೂಸನ್ ಮ್ಯಾಕಿಂಟಾಷ್ ಎಂಬ ಪುರಾತತ್ವಜ್ಞ ದಂಪತಿ ಇಲ್ಲಿ ಅಗೆದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ನನ್ನ ಮಟ್ಟಿಗೆ ಇಡೀ ಪಾಠದ ಜೀವ ಈ ಊರೇ.

ಉಪ್ಪಿನ ಕಥೆ ಮಕ್ಕಳಿಗೆ ಬೇಗ ಹಿಡಿಸುತ್ತದೆ. 1352ರಲ್ಲಿ ಸಹಾರಾದ ಉಪ್ಪಿನ ಗಣಿಯೂರು ತಘಾಜಾಕ್ಕೆ ಹೋದ ಪ್ರವಾಸಿ ಇಬ್ನ್ ಬತೂತಾ, ಮನೆ, ಮಸೀದಿಗಳ ಗೋಡೆಯೆಲ್ಲ ಉಪ್ಪಿನ ಕಲ್ಲಿನದು, ಸೂರು ಒಂಟೆ ಚರ್ಮದ್ದು ಎಂದು ಬರೆದಿದ್ದಾನೆ. ಅಲ್ಲಿ ಮರವೇ ಇಲ್ಲ. ತಿನ್ನುವ ಖರ್ಜೂರವೂ ದೂರದಿಂದ ಬರಬೇಕು. ಘಾನಾದ ರಾಜ ಒಳಬರುವ ಒಂದು ಕತ್ತೆ ಹೇರು ಉಪ್ಪಿಗೆ ಒಂದು ದಿನಾರ್, ಹೊರಹೋಗುವುದಕ್ಕೆ ಎರಡು ದಿನಾರ್ ಬಂಗಾರ ವಸೂಲಿ ಮಾಡುತ್ತಿದ್ದ ಎನ್ನುತ್ತಾನೆ 11ನೇ ಶತಮಾನದ ಭೂಗೋಳ ಬರಹಗಾರ ಅಲ್-ಬಕ್ರಿ. ಅವನು ಸ್ಪೇನ್ ಬಿಟ್ಟು ಕದಲದೆ, ಹೋಗಿಬಂದವರನ್ನು ಕೇಳಿ ಬರೆದವನು! ಅಂದಹಾಗೆ, ಈ ಘಾನಾ ಇದ್ದದ್ದು ಇಂದಿನ ಮಾರಿಟೇನಿಯಾ, ಮಾಲಿಯ ಕಡೆ. ಇಂದಿನ ಘಾನಾ ದೇಶಕ್ಕೂ ಅದಕ್ಕೂ ಬಹಳ ದೂರ.

ಕೊನೆಗೆ ಕಾಡಿನ ಕಡೆಯ ತ್ಸೆತ್ಸೆ ನೊಣ. ಅದು ಕಚ್ಚಿದರೆ ಕುದುರೆ, ದನ ಉಳಿಯುವುದು ಕಷ್ಟ. ಹಾಗಾಗಿ ಮಾಲಿ ಸಾಮ್ರಾಜ್ಯದ ಕುದುರೆ ಪಡೆಗೆ ಕಾಡಿನ ಅಂಚೇ ಗಡಿಯಾಯಿತು. ಅಲ್ಲಿಂದಾಚೆ ಸರಕು ಕತ್ತೆ ಬೆನ್ನಿನಿಂದ ಇಳಿದು ಮನುಷ್ಯರ ತಲೆಗೇರಬೇಕು. ಬೇಘೋದಂಥ ಸಂತೆಯೂರುಗಳು ಆ ಅಂಚಿನಲ್ಲೇ ಬೆಳೆದವು.

ರಾಜರ ಹೆಸರುಗಳನ್ನು ಬರೆಯುವುದು ಮುಂದಿನ ತರಗತಿಯಲ್ಲಿ. ಅದಕ್ಕೆ ಮುಂಚೆ ಒಂದು ಮನೆಗೆಲಸ ಕೊಡುತ್ತೇನೆ: 16ನೇ ಶತಮಾನದ ಕೊನೆಗೆ ತಘಾಜಾದ ಗಣಿ ಬಿಟ್ಟು ಜನ ಅದಕ್ಕೂ ದಕ್ಷಿಣದ ಉಪ್ಪಿನ ಗಣಿ ತವುದೆನ್ನಿಗೆ ಹೋದರು. ಇದರಿಂದ ಯಾವ ಪಟ್ಟೆಯವರಿಗೆ ಏನು ಬದಲಾಗಿರಬಹುದು? ನಕ್ಷೆ ನೋಡಿಕೊಂಡು ಬರೆಯಿರಿ.