ತೀರ್ಮಾನ ಸುಳ್ಳು ಅಂತ ಇಟ್ಟುಕೊಂಡು ನೋಡುವುದು

ಮಾತಿನ ನಡುವೆ ಯಾರಾದರೂ 'ಹಾಗಾದ್ರೆ' ಅಂದರೆ ಸಾಕು, ನನ್ನ ಕಿವಿ ನಿಮಿರುತ್ತದೆ. ಮೊದಲು ಹೇಳಿದ್ದರಿಂದ ಈಗ ಹೇಳಿದ್ದು ನಿಜಕ್ಕೂ ಬರುತ್ತದೆಯೇ? ಪ್ರೊಪೊಸಿಷನಲ್ ಲಾಜಿಕ್, ಅಂದರೆ ಹೇಳಿಕೆಗಳ ತರ್ಕ, ಕಲಿತ ಮೇಲೆ ಅಂಟಿಕೊಂಡ ಅಭ್ಯಾಸ ಇದು.

ಪಾಠದಲ್ಲಿ ಮೊದಲು ಸಿಗುವುದು ಸತ್ಯ ಕೋಷ್ಟಕ, ಅಂದರೆ ಯಾವ ಹೇಳಿಕೆ ನಿಜ, ಯಾವುದು ಸುಳ್ಳು ಎಂಬ ಎಲ್ಲ ಸಾಧ್ಯತೆಗಳನ್ನೂ ಒಂದೊಂದು ಸಾಲಿನಲ್ಲಿ ಬರೆಯುವ ಪಟ್ಟಿ. ಅದು ಎಂದೂ ಕೈಕೊಡುವುದಿಲ್ಲ, ಆದರೆ ಬೇಗ ಉದ್ದವಾಗುತ್ತದೆ. 4 ಹೇಳಿಕೆಗಳಿದ್ದರೆ 16 ಸಾಲು, 6 ಇದ್ದರೆ 64. ದಿನನಿತ್ಯದ ಮಾತಿಗೆ ಅಷ್ಟು ಬರೆಯಲು ಯಾರಿಗೆ ಪುರುಸೊತ್ತು? ನಾನು ಒಂದೇ ಒಂದು ಸಾಲು ಹುಡುಕುತ್ತೇನೆ: ಆಧಾರದ ಮಾತುಗಳೆಲ್ಲ ನಿಜ, ತೀರ್ಮಾನ ಮಾತ್ರ ಸುಳ್ಳು. ಅಂಥ ಸಾಲು ಸಿಕ್ಕರೆ ವಾದ ಬಿತ್ತು. ಸಿಗಲು ಸಾಧ್ಯವೇ ಇಲ್ಲದಿದ್ದರೆ ವಾದ ಗಟ್ಟಿ.

ಈ ಮಾತುಗಳನ್ನು ನೋಡಿ. ಮ್ಯಾನೇಜರ್ ಬಂದರೆ ಸಭೆ ನಡೆಯುತ್ತದೆ. ಸಭೆ ನಡೆದರೆ ವರದಿ ಬರುತ್ತದೆ. ಮ್ಯಾನೇಜರ್ ಬರುತ್ತಾರೆ, ಇಲ್ಲವೇ ಫೋನ್ ಮಾಡುತ್ತಾರೆ. ವರದಿ ಬಂದಿಲ್ಲ. ಹಾಗಾದರೆ ಅವರು ಫೋನ್ ಮಾಡಿದ್ದಾರೆ.

ಫೋನ್ ಮಾಡಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗ ಅವರು ಬಂದಿರಲೇಬೇಕು. ಬಂದಿದ್ದರೆ ಸಭೆ ನಡೆದಿರಬೇಕು, ಸಭೆ ನಡೆದಿದ್ದರೆ ವರದಿ ಬಂದಿರಬೇಕು. ಆದರೆ ವರದಿ ಬಂದಿಲ್ಲ! ನಾವು ಇಟ್ಟುಕೊಂಡದ್ದು ನಿಲ್ಲಲಿಲ್ಲ, ತೀರ್ಮಾನ ನಿಂತಿತು. ಇದನ್ನು ಮಾಡುವಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಈಗ ಕೊನೆಯ ಎರಡು ಮಾತುಗಳನ್ನಷ್ಟೇ ಬದಲಿಸಿ: ವರದಿ ಬಂದಿದೆ, ಹಾಗಾದರೆ ಮ್ಯಾನೇಜರ್ ಬಂದಿದ್ದರು. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಅವರು ಬಂದಿಲ್ಲ ಅಂತ ಇಟ್ಟುಕೊಳ್ಳಿ. ಫೋನ್ ಮಾಡಿದ್ದಾರೆ, ಸಭೆ ನಡೆದಿದೆ, ವರದಿಯೂ ಬಂದಿದೆ. ಎಲ್ಲೂ ಜಗಳವಿಲ್ಲ. ತೀರ್ಮಾನ ಸುಳ್ಳಾಗಿಯೂ ಮಿಕ್ಕ ಮಾತುಗಳೆಲ್ಲ ನಿಜವಾಗಿಯೇ ಉಳಿದವು, ಹಾಗಾಗಿ ವಾದ ನಿಲ್ಲುವುದಿಲ್ಲ. ಮ್ಯಾನೇಜರ್ ನಿಜಕ್ಕೂ ಬಂದಿದ್ದಿರಬಹುದು, ಆ ಮಾತು ಬೇರೆ. ಈ ಮಾತುಗಳಿಂದ ಅದು ಬರುವುದಿಲ್ಲ, ಅಷ್ಟೆ.

ಸುಳ್ಳಾಗುವ ದಾರಿ ಹುಡುಕುವುದು ನಮಗೆ ಸುಮ್ನೆ ಬರುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಕಾರ್ಡುಗಳ ಒಗಟು ಇದನ್ನು ಚೆನ್ನಾಗಿ ತೋರಿಸುತ್ತದೆ. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಯಮ: ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮ ಸಂಖ್ಯೆ. ಕಣ್ಣೆದುರು ಎ, ಡಿ, 4, 7 ಇವೆ. ನಿಯಮ ಪರೀಕ್ಷಿಸಲು ಯಾವ ಕಾರ್ಡು ತಿರುಗಿಸಬೇಕು? ಬಹಳ ಜನ ಎ ಜೊತೆಗೆ 4 ಆರಿಸುತ್ತಾರೆ. ಬೇಕಾದದ್ದು ಎ ಮತ್ತು 7. ನಾಲ್ಕರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. ಏಳರ ಹಿಂದೆ ಸ್ವರ ಸಿಕ್ಕರೆ ಮುರಿಯುತ್ತದೆ.

'ಇಲ್ಲವೇ' ಬಗ್ಗೆಯೂ ಎಚ್ಚರ ಬೇಕು. ತರ್ಕದಲ್ಲಿ ಎರಡೂ ನಿಜವಾಗಬಹುದು. ಫೋನ್ ಮಾಡಿದ್ದಾರೆ ಎಂಬುದರಿಂದ ಬಂದಿಲ್ಲ ಎಂದು ಹೇಳಲಾಗದು.

ವಾದ ಬಿದ್ದ ಮೇಲೆಯೂ ಅದನ್ನು ಬೀಳಿಸಿದ ಸಾಲು ನನಗೆ ಕೆಲಸಕ್ಕೆ ಬರುತ್ತದೆ. ಯಾವ ಪ್ರಶ್ನೆ ಕೇಳಬೇಕೆಂದು ಅದೇ ತೋರಿಸುತ್ತದೆ. ಮ್ಯಾನೇಜರ್ ಇಲ್ಲದೆ ಸಭೆ ನಡೆಯುತ್ತದೆಯೇ? ಸಭೆಯಿಲ್ಲದೆ ವರದಿ ಬರುತ್ತದೆಯೇ? ಎರಡಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ ನಮ್ಮ ಕೈಯಲ್ಲಿ ಎರಡು ಹೊಸ ಮಾತುಗಳಿವೆ: ಅವರು ಬಂದರೆ ಮಾತ್ರ ಸಭೆ, ಸಭೆ ನಡೆದರೆ ಮಾತ್ರ ವರದಿ. ಈಗ ವರದಿ ಬಂದಿದ್ದರೆ ಅವರು ಬಂದಿದ್ದರು ಎಂದು ಧೈರ್ಯವಾಗಿ ಹೇಳಬಹುದು.