ಹೊಸ ಟ್ಯಾಂಕಿಗೆ ಮಲಾವಿ ಸಿಕ್ಲಿಡ್ ಬಿಡುವ ಮುನ್ನ

ಹೊಸ ಟ್ಯಾಂಕಿನಲ್ಲಿ, ಆಫ್ರಿಕಾದ ಮಲಾವಿ ಸರೋವರದ ಬಣ್ಣದ ಮೀನುಗಳಾದ ಮಲಾವಿ ಸಿಕ್ಲಿಡ್‌ಗಳು ಮೊದಲ ವಾರಗಳಲ್ಲೇ ಸಾಯುತ್ತಿದ್ದರೆ ಔಷಧಿ ಸುರಿಯಬೇಡಿ, ಮೊದಲು ನೀರಿನಲ್ಲಿರುವ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಬರುವ ವಿಷ) ಪರೀಕ್ಷಿಸಿ. ಈ ಮೀನುಗಳಿಗೆ ಪಿಎಚ್ 7.8ರಿಂದ 8.6ರ ಗಡಸು ನೀರು ಬೇಕು. ತೊಂದರೆ ಇರುವುದೂ ಅಲ್ಲೇ: ಪಿಎಚ್ 7ರಲ್ಲಿ ಹೇಗೋ ತಡೆದುಕೊಳ್ಳಬಹುದಾದ ಅಮೋನಿಯಾ, 8.2ರಲ್ಲಿ ಹತ್ತು ಪಟ್ಟಿಗೂ ಹೆಚ್ಚು ವಿಷಕಾರಿ. ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುವುದು, ಕಿವಿರು ಕೆಂಪಾಗಿ ಉಬ್ಬುವುದು ಇದರ ಲಕ್ಷಣ.

ಆದ್ದರಿಂದ ಮೀನಿಲ್ಲದೆಯೇ ಸೈಕಲ್ ಮುಗಿಸಿ, ಅಂದರೆ ಅಮೋನಿಯಾವನ್ನು ಮೊದಲು ನೈಟ್ರೈಟ್ (ಅದೂ ವಿಷ), ಆಮೇಲೆ ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಬಿಡಿ. ಫಿಲ್ಟರ್ ಓಡಿಸಿ, 27-28 ಡಿಗ್ರಿ ಇಟ್ಟು, 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುವಷ್ಟು ಅಮೋನಿಯಾ ಹಾಕಿ. ಅಷ್ಟು ಅಮೋನಿಯಾ 24 ಗಂಟೆಯಲ್ಲಿ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಬಂದ ಮೇಲೆಯೇ ಮೀನು ತನ್ನಿ. ಸಾಮಾನ್ಯವಾಗಿ 4-6 ವಾರ ಹಿಡಿಯುತ್ತದೆ. ಹಳೆಯ ಆರೋಗ್ಯವಂತ ಟ್ಯಾಂಕಿನ ಫಿಲ್ಟರ್ ಸ್ಪಂಜು ಸಿಕ್ಕರೆ ಬಹಳ ಬೇಗ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಬಾಟಲಿ ಬ್ಯಾಕ್ಟೀರಿಯಾಕ್ಕಿಂತ ಅದನ್ನೇ ನಂಬಿ.

ಈಗಾಗಲೇ ಮೀನು ಬಿಟ್ಟಾಗಿದೆಯೇ? ದಿನವೂ ಪರೀಕ್ಷಿಸಿ, ಅಮೋನಿಯಾ ಕಂಡರೆ 30-50% ನೀರು ಬದಲಿಸಿ. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ತಾಪಮಾನ, ಪಿಎಚ್ ಹೊಂದಬೇಕು. ನೈಟ್ರೈಟ್ ಏರಿದರೆ ಲೀಟರಿಗೆ 1 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿ. ಅದರ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಲೇಬೇಡಿ (ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ), ಟ್ಯಾಂಕಿನಿಂದ ತೆಗೆದ ನೀರಲ್ಲಿ ಹಿಂಡಿದರೆ ಸಾಕು.

ಊಟ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ಎಂಬೂನಾ ಜಾತಿಗೆ (ಬಂಡೆಗಳ ಮೇಲಿನ ಪಾಚಿ ತಿನ್ನುವ ಮಲಾವಿ ಸಿಕ್ಲಿಡ್) ಸ್ಪಿರುಲಿನಾ ಎಂಬ ಪಾಚಿ ಇರುವ ಆಹಾರವೇ ಸರಿ.