ಎಳೆಗೂಸುಗಳ ಬಣ್ಣದಾಟಕ್ಕೆ ಅಡುಗೆಮನೆಯ ಬಣ್ಣ

ಶಿಶುಪಾಲನಾ ಕೇಂದ್ರಗಳಲ್ಲಿ ಎಳೆಗೂಸುಗಳಿಗೆ ಬಣ್ಣ ಕೊಟ್ಟರೆ ಅದು ಬಾಯಿಗೆ ಹೋಗಿಯೇ ಹೋಗುತ್ತದೆ. ಡಬ್ಬದ ಮೇಲೆ ‘ವಿಷಕಾರಿಯಲ್ಲ’ ಎಂದು ಬರೆದಿದ್ದರೂ ಅದು ತಿನ್ನುವ ವಸ್ತುವಲ್ಲ. ರಂಗೋಲಿ ಪುಡಿ, ಹೋಳಿ ಬಣ್ಣಗಳಂತೂ ಬೇಡವೇ ಬೇಡ.

ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ಕೈಯಾಡಿಸುತ್ತ ದಪ್ಪ ಗಂಜಿಯ ಹದಕ್ಕೆ ಬೇಯಿಸಿ. ಹಸಿ ಹಿಟ್ಟು ಕೂಡದು. ಪೂರ್ತಿ ಆರಿದ ಮೇಲೆ ಬೇಯಿಸಿ ನುಣ್ಣಗೆ ಅರೆದ ಬೀಟ್‌ರೂಟ್, ಪಾಲಕ್ ಅಥವಾ ಕ್ಯಾರೆಟ್ ಬೆರೆಸಿ. ಮಗು ಮನೆಯಲ್ಲಿ ಈಗಾಗಲೇ ತಿಂದು ಒಗ್ಗಿಸಿಕೊಂಡಿರುವ ತರಕಾರಿಯನ್ನೇ ಆರಿಸಿಕೊಳ್ಳಿ. ಬೀಟ್‌ರೂಟ್ ಬಳಸಿದ ದಿನ ಮನೆಯವರಿಗೆ ತಪ್ಪದೆ ತಿಳಿಸಿ. ಮರುದಿನ ಡೈಪರಿನಲ್ಲಿ ಕೆಂಪು ಕಂಡು ಆಸ್ಪತ್ರೆಗೆ ಓಡುವುದು ತಪ್ಪುತ್ತದೆ!

ಇನ್ನೂ ಘನ ಆಹಾರ ಶುರು ಮಾಡದ ಕೂಸಿಗೆ ಇದೇ ಬಣ್ಣವನ್ನು ಜಿಪ್ ಚೀಲಕ್ಕೆ ಹಾಕಿ, ಬಾಯಿ ಭದ್ರಪಡಿಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ. ಬೋರಲು ಮಲಗಿ ಒತ್ತುತ್ತ ಆಡಿಕೊಳ್ಳುತ್ತದೆ. ಕೈ ಅಂಟಾದರೆ ಅಳುವ ಮಕ್ಕಳಿಗೂ ಇದೇ ಒಳ್ಳೆಯದು. ಒತ್ತಾಯಿಸಿ ಕೈ ಅದ್ದಿಸುವುದು ನನಗೆ ಸರಿ ಕಾಣುವುದಿಲ್ಲ.

ಟೈಲ್ಸ್ ನೆಲ ವಿಪರೀತ ಜಾರುತ್ತದೆ, ಹಳೆಯ ದಪ್ಪ ಬೆಡ್‌ಶೀಟ್ ಹಾಸಿ. ಮಗುವಿನ ಪಕ್ಕದಿಂದ ಏಳಬೇಡಿ. ಒರೆಸುವ ಬಟ್ಟೆ, ಬೆಚ್ಚಗಿನ ನೀರು ಮೊದಲೇ ಕೈಗೆಟುಕುವಂತಿರಲಿ. ಉಳಿದ ಬಣ್ಣವನ್ನು ಮರುದಿನಕ್ಕೆ ಇಡದೆ ಚೆಲ್ಲಿಬಿಡಿ.